ಒಲ್ಲೆ ಎಂದವನಿಗೆ ಔಷಧ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಕಡೆ ತಿರುಗಾಡಿದವರಿಗೆ ಒಂದು ಚೀಟಿಯ ಪರಿಚಯ ಇದ್ದೇ ಇರುತ್ತದೆ. ಬಸ್ ನಿಲ್ದಾಣದ ಗೋಡೆಗೋ ಕರೆಂಟ್ ಕಂಬಕ್ಕೋ ಅಂಟಿಸಿರುತ್ತಾರೆ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ. ಕೆಳಗೊಂದು ಮೊಬೈಲ್ ನಂಬರ್. ಫೋನ್ ಮಾಡಿದರೆ ಪುಡಿಯ ಪೊಟ್ಟಣ ಸಿಗುತ್ತದೆ. ಸಾರಿನಲ್ಲೋ ಚಹಾದಲ್ಲೋ ಕಲಸಿ ಗಂಡನಿಗೆ, ಮಗನಿಗೆ ಕುಡಿಸಬೇಕು. ಅದರಲ್ಲಿ ಏನಿದೆಯೆಂದು ಮಾರುವವನು ಹೇಳುವುದಿಲ್ಲ, ಕೊಳ್ಳುವವಳು ಕೇಳುವುದಿಲ್ಲ. ಇನ್ನು ಕೆಲವರು ಔಷಧದ ಅಂಗಡಿಯಿಂದ ಡೈಸಲ್ಫಿರಾಂ ಮಾತ್ರೆ ತಂದು, ಕುಟ್ಟಿ, ಗುಟ್ಟಾಗಿ ಊಟದಲ್ಲಿ ಬೆರೆಸುತ್ತಾರೆ. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ಒಂದು ವಿಷವಸ್ತುವನ್ನು ಮುಂದೆ ಕರಗಗೊಡದೆ ತಡೆಯುವುದು ಆ ಮಾತ್ರೆಯ ಕೆಲಸ. ಅದನ್ನು ತಿಂದವನು ಕುಡಿದರೆ ಮೋರೆ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವನಾದರೆ ಜೀವಕ್ಕೇ ಕುತ್ತು. ಆದ್ದರಿಂದಲೇ ಡಾಕ್ಟರು ಎಲ್ಲವನ್ನೂ ತಿಳಿಸಿ ಹೇಳಿ, ರೋಗಿ ಒಪ್ಪಿದ ಮೇಲೆ ಮಾತ್ರ ಅದನ್ನು ಬರೆದುಕೊಡುತ್ತಾರೆ.

ಚಟ ಬಿಡಿಸಲು ಬಲವಂತದ ಚಿಕಿತ್ಸೆ ಕೊಡಬಹುದೇ ಎಂಬ ಚರ್ಚೆ ದಿಲ್ಲಿ, ಬೆಂಗಳೂರಿನ ಸಭೆಗಳಲ್ಲಿ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಬಲವಂತ ಯಾವ ಚರ್ಚೆಗೂ ಕಾಯದೆ ನಡೆದೇ ಇದೆ. ಸಾರಿನೊಳಗಿನ ಪುಡಿ ಒಂದು ಬಗೆ. ಜಂತಿಯ ಕಂಬಕ್ಕೆ ಕಟ್ಟಿಹಾಕುವುದು ಇನ್ನೊಂದು. ನಸುಕಿನಲ್ಲಿ ಮನೆಬಾಗಿಲಿಗೆ ಬಂದು, ನಾಲ್ಕು ಜನ ಹಿಡಿದು ಗಾಡಿಗೆ ಹಾಕಿಕೊಂಡು ಹೋಗುವ ಖಾಸಗಿ ‘ಕೇಂದ್ರ’ಗಳ ಬಲವಂತ ಮತ್ತೊಂದು. ಹೀಗಿರುವಾಗ ಕೇಳಬೇಕಾದದ್ದು ಇಷ್ಟು: ಈ ಬಲ ಯಾರ ಕೈಯಲ್ಲಿರಬೇಕು, ಎಷ್ಟು ದಿನ, ಯಾರ ಕಣ್ಣೆದುರು?

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅದರ 89ನೇ ಕಲಮಿನಡಿ ರೋಗಿ ಒಪ್ಪದಿದ್ದರೂ 30 ದಿನದವರೆಗೆ ದಾಖಲು ಮಾಡಿಕೊಳ್ಳಲು ಅವಕಾಶವಿದೆ. ಷರತ್ತುಗಳು ಬಿಗಿ. ಅವನು ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೊರಟಿರಬೇಕು, ಇಲ್ಲವೇ ಇನ್ನೊಬ್ಬರ ಮೇಲೆ ಕೈಮಾಡಿರಬೇಕು ಅಥವಾ ಮೈಗೆ ಪೆಟ್ಟಾದೀತೆಂಬ ಭಯವನ್ನು ಅವರಲ್ಲಿ ಹುಟ್ಟಿಸಿರಬೇಕು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ತಲುಪಿರಬೇಕು. ಅದರ ಜೊತೆಗೆ, ಸ್ವಂತ ನಿರ್ಧಾರ ಮಾಡುವ ಸಾಮರ್ಥ್ಯವೂ ಆ ಹೊತ್ತಿಗೆ ಅವನಿಗೆ ಇಲ್ಲವಾಗಿರಬೇಕು. ಅವನ ಪ್ರತಿನಿಧಿ, ಅಂದರೆ ಸಾಮಾನ್ಯವಾಗಿ ಹೆಂಡತಿ ಅಥವಾ ತಂದೆತಾಯಿ, ಅರ್ಜಿ ಕೊಡಬೇಕು. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು, ಇನ್ನೊಬ್ಬರು ಬೇರೆ ವೈದ್ಯರಾದರೂ ನಡೆದೀತು. ಏಳು ದಿನದೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಹೆಂಗಸರು, ಮಕ್ಕಳಾದರೆ ಮೂರೇ ದಿನದಲ್ಲಿ. ರೋಗಿ ತಕರಾರು ಸಲ್ಲಿಸಿದರೆ ಮಂಡಳಿ ಏಳು ದಿನದಲ್ಲಿ ತೀರ್ಮಾನಿಸಬೇಕು. ಸರಪಳಿ ಹಾಕುವುದಂತೂ ಯಾವ ಕಾರಣಕ್ಕೂ ಇಲ್ಲ. ದಿನಾ ಕುಡಿಯುತ್ತಾನೆ, ದುಡಿದದ್ದನ್ನೆಲ್ಲ ಕಳೆಯುತ್ತಾನೆ ಎಂಬಷ್ಟಕ್ಕೇ ಈ ಕಾಯ್ದೆಯಡಿ ಯಾರನ್ನೂ ಒಳಗಿಡಲು ಬರುವುದಿಲ್ಲ. ಹಾಗೆ ಬರಬೇಕು ಎನ್ನುವುದು ಒಂದು ಕಡೆಯವರ ಬೇಡಿಕೆ. ಈಗಿರುವ 30 ದಿನವೇ ಹೆಚ್ಚಾಯಿತು ಎನ್ನುವುದು ಇನ್ನೊಂದು ಕಡೆಯವರ ಅಂಜಿಕೆ.

ಬೇಡಿಕೆ ಇಡುವವರ ಮಾತನ್ನು ಅದರ ಪೂರ್ತಿ ಬಲದಲ್ಲಿ ಕೇಳಬೇಕು. ಧಾರವಾಡದಲ್ಲಿ ಬೆಳಗಾವಿ ರಸ್ತೆಯ ಡಿಮ್ಹಾನ್ಸ್ 1845ರಲ್ಲಿ ಹುಚ್ಚಾಸ್ಪತ್ರೆಯೆಂದು ಶುರುವಾದ ಸಂಸ್ಥೆ. ಅದರ ಹೊರರೋಗಿಗಳ ಸಾಲಿನಲ್ಲಿ ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಡಾಕ್ಟರ್ರು ಅವನ್ನ ಕರಕೊಂಡ ಬಾ ಅಂತಾರ ಅಕ್ಕಾ. ಬರೂದಾದ್ರ ಇಷ್ಟ್ಯಾಕ? ಅವ ಹೂಂ ಅನ್ನೂತನಕಾ ನಾನು, ನನ್ನ ಮಕ್ಕಳು ಉಳೀಬೇಕಲ್ಲ?” ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಂಡನ ಹಳೆಯ ಚೀಟಿಗಳು, ರೇಷನ್ ಕಾರ್ಡಿನ ಝೆರಾಕ್ಸ್. ಶಕ್ತಿ ಯೋಜನೆ ಬಂದಂದಿನಿಂದ ಬಸ್ಸಿಗೆ ಅವಳಿಗೆ ಖರ್ಚಿಲ್ಲ, ಆದ್ದರಿಂದ ಅವಳು ಬಂದಿದ್ದಳು. ರೋಗಿ ಊರಲ್ಲಿದ್ದ.

ಅವಳ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಕುಡಿತದ ರೋಗ ಬಲಿತವನ ‘ಒಲ್ಲೆ’ ಎಷ್ಟರಮಟ್ಟಿಗೆ ಅವನದೇ? ಬೆಳಿಗ್ಗೆ ಎದ್ದಕೂಡಲೇ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಒಂದು ಪಾಕೀಟು ಹೊಟ್ಟೆಗೆ ಬಿದ್ದ ಮೇಲೆಯೇ ನಡುಕ ನಿಲ್ಲುವುದು. ಬಿಟ್ಟರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ಇಲ್ಲದವರು ಕಾಣುತ್ತಾರೆ, ಗೋಡೆಯ ಮೇಲೆ ಹುಳ ಹರಿದಂತಾಗುತ್ತದೆ. ಚಿಕಿತ್ಸೆಯಿಲ್ಲದ ಸನ್ನಿಯಿಂದ ಜನ ಸಾಯುತ್ತಾರೆ. ಬಿಟ್ಟರೆ ಸಂಕಟ, ಬಿಡದಿದ್ದರೆ ಸಾವು ಎಂಬ ಇಕ್ಕಟ್ಟಿನಲ್ಲಿರುವವನು ಆಸ್ಪತ್ರೆ ಒಲ್ಲೆ ಅಂದರೆ ಅದು ಸ್ವಾತಂತ್ರ್ಯದ ಮಾತು ಎಂದು ಕೈಕಟ್ಟಿ ಕೂರುವುದು ಕ್ರೌರ್ಯವೇ ಆದೀತು. ಅವನ ಒಂದು ‘ಒಲ್ಲೆ’ಗೆ ಬೆಲೆ ತೆರುವವರು ಮನೆಮಂದಿ. ಮುಂಗಾರು ಹೆಸರಿನ ರೊಕ್ಕ ಮನೆ ಮುಟ್ಟುವುದಿಲ್ಲ. ಮಗಳ ಶಾಲೆ ನಿಲ್ಲುತ್ತದೆ. ಎರಡು ಎಕರೆ ಎರಿ ಹೊಲ ಅಡಮಾನ ಬೀಳುತ್ತದೆ.

ಲೆಕ್ಕವೂ ಅವರ ಕಡೆಗೇ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ಮಾಡಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಮದ್ಯದ ದಾಸರಾದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಉಳಿದು ಪಡೆದವರು 180ರಲ್ಲಿ ಒಬ್ಬರು. ತಾನಾಗಿ ಬರಲಿ ಎಂದು ಕಾಯ್ದರೆ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತಾರೆ ಅವರು. ಸ್ವೀಡನ್ನಿನಲ್ಲಿ ಗರಿಷ್ಠ ಆರು ತಿಂಗಳ ಕಡ್ಡಾಯ ಆರೈಕೆಗೆ ಕಾನೂನಿದೆ. ನ್ಯೂಜಿಲೆಂಡ್ ಇದಕ್ಕೆಂದೇ 2017ರಲ್ಲಿ ಹೊಸ ಕಾಯ್ದೆ ಮಾಡಿಕೊಂಡಿತು. ವ್ಯಕ್ತಿಸ್ವಾತಂತ್ರ್ಯವನ್ನು ಕಡೆಗಣಿಸುವ ದೇಶಗಳೇನೂ ಅಲ್ಲ ಇವು.

ಎದುರುಪಕ್ಷದ ಮಾತಿಗೂ ಅಷ್ಟೇ ತೂಕವಿದೆ, ಅದೂ ಅನುಭವದಿಂದ ಬಂದ ತೂಕ. ಕಲಘಟಗಿ ಕಡೆಯ ಒಬ್ಬನನ್ನು ಅಣ್ಣತಮ್ಮಂದಿರು ಒಂದು ಖಾಸಗಿ ಕೇಂದ್ರಕ್ಕೆ ಹೇಳಿ ನಸುಕಿನಲ್ಲಿ ಎತ್ತಿಸಿದ್ದರು. ಮೂರು ತಿಂಗಳು ಇಟ್ಟರು. ಆ ಮೂರು ತಿಂಗಳಲ್ಲಿ ಡಾಕ್ಟರ ಮುಖ ಕಾಣಲಿಲ್ಲ, ಮನೆಗೆ ಫೋನ್ ಇಲ್ಲ, ಎದುರು ಮಾತಾಡಿದರೆ ಏಟು. ಬಿಟ್ಟ ದಿನ ಸಂಜೆಯೇ ಕುಡಿದ. ನಿಜವಾದ ಹಾನಿ ಆಮೇಲಿನದು. ಧಾರವಾಡದ ಸರ್ಕಾರಿ ಆಸ್ಪತ್ರೆಗೆ ಹೋಗೋಣ ಬಾ ಎಂದರೆ ಈಗ ಅವನು ಹಿತ್ತಲ ಬಾಗಿಲಿಂದ ಓಡುತ್ತಾನೆ. ಆಸ್ಪತ್ರೆಯೆಂದರೆ ಅವನಿಗೆ ಆ ಕೋಣೆ. ಒಮ್ಮೆ ಮಾಡಿದ ಬಲವಂತ ಮುಂದೆ ತಾನಾಗಿ ಬರಬಹುದಾಗಿದ್ದ ದಾರಿಯನ್ನೂ ಮುಚ್ಚಿತು.

ಅಂಥ ಕೇಂದ್ರ ನಡೆಸುವುದು ಈಗಿನ ಕಾನೂನಿನಲ್ಲೇ ತಪ್ಪು, ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಿದರೆ ಮುಗಿಯಿತು ಎಂದು ಬಲವಂತದ ಪರವಾದವರು ಹೇಳಬಹುದು. ಆದರೆ ಕೂಡಿಹಾಕುವ ಅಧಿಕಾರವನ್ನು ಒಮ್ಮೆ ಕೊಟ್ಟರೆ ಅದು ಕಾಗದದ ಮೇಲಿನ ಷರತ್ತಿನೊಳಗೆ ನಿಲ್ಲುವುದಿಲ್ಲ ಎಂಬುದು ಈ ದೇಶ ಕಂಡ ಸತ್ಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಆಗಲೂ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಯಲ್ಲಿತ್ತು.

ಹಳ್ಳಿಯಲ್ಲಿ ಇನ್ನೊಂದು ಅಪಾಯವಿದೆ, ಶಹರದ ತಜ್ಞರ ಚರ್ಚೆಯಲ್ಲಿ ಅದು ಬರುವುದು ಕಡಿಮೆ. ವಾಟ್ನಿ ಆಗದ ಹೊಲ. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಕುಡುಕ. ಕುಡುಕನೆಂಬ ಹೆಸರು ಬಿದ್ದವನ ಸಹಿ, ಅವನ ಪಾಲು, ಅವನ ಹೆಂಡತಿಯ ಮಾತು, ಮೂರೂ ಹಗುರ. ‘ಕುಡಿತ ಮಿತಿಮೀರಿದೆ’ ಎಂಬ ಒಂದು ಅರ್ಜಿಗೆ ಆರು ತಿಂಗಳು ಒಳಗಿಡುವ ಕಾನೂನು ಬಂದರೆ ಉತಾರದ ಜಗಳಗಳಲ್ಲಿ ಅದು ಎಷ್ಟು ಬೇಗ ಆಯುಧವಾದೀತು ಎಂಬುದನ್ನು ತಾಲೂಕು ಕೋರ್ಟಿನ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಒಳಗೆ ಹೋಗುವವರು ಯಾರು ಎಂಬುದೂ ಮುಖ್ಯ. ಮಿಲ್ಲಿನ ಮಾಲಕನ ಮಗನಿಗೆ ಹುಬ್ಬಳ್ಳಿಯಲ್ಲಿ ಪ್ರತ್ಯೇಕ ಕೋಣೆ, ಹತ್ತಿ ಬಿಡಿಸುವ ಕೂಲಿಯವನಿಗೆ ಪೊಲೀಸ್ ಜೀಪು.

ಇಷ್ಟಾಗಿಯೂ ಫಲವಾದರೂ ಖಚಿತವೇ? ಕಡ್ಡಾಯ ಚಿಕಿತ್ಸೆಯ ಬಗ್ಗೆ ಆವರೆಗೆ ನಡೆದಿದ್ದ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಪರಿಶೀಲನೆಯೊಂದು 2016ರಲ್ಲಿ ಪ್ರಕಟವಾಯಿತು. ಎರಡರಲ್ಲಿ ಲಾಭ ಕಂಡಿತ್ತು, ಎರಡರಲ್ಲಿ ಹಾನಿ. ಉಳಿದ ಐದರಲ್ಲಿ ಫರಕು ಕಾಣಲಿಲ್ಲ, ಇಲ್ಲವೇ ಹೀಗೇ ಎಂದು ಹೇಳುವಂತಿರಲಿಲ್ಲ. ಕಡ್ಡಾಯ ಬಂಧನ ಕೇಂದ್ರಗಳನ್ನು ಮುಚ್ಚಿ ಎಂದು 2012ರಲ್ಲಿ ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು ಒಟ್ಟಾಗಿ ಕೇಳಿಕೊಂಡಿದ್ದವು. ಆದರೆ ಈ ಪುರಾವೆಯನ್ನು ಅದರ ಅಳತೆ ಮೀರಿ ಎಳೆಯಬಾರದು. ಅದು ಬಹುಮಟ್ಟಿಗೆ ಮಾದಕ ವಸ್ತು ಬಳಸುವವರದು, ಬೇರೆ ದೇಶಗಳ ಕೇಂದ್ರಗಳದು. ನಮ್ಮ ತಾಲೂಕುಗಳಲ್ಲಿ ರೋಗ ಮುಖ್ಯವಾಗಿ ಮದ್ಯದ್ದು, ಮತ್ತು ಈಗ ಕಾಯ್ದೆಯಲ್ಲಿರುವುದು 30 ದಿನದ ಆಸ್ಪತ್ರೆ.

ಎರಡೂ ಕಡೆಯವರು ತಮ್ಮ ಪರ ಸಾಕ್ಷಿ ಎಂದು ಬಳಸಿಕೊಳ್ಳುವ ಒಂದು ಘಟನೆ ನಮ್ಮೆಲ್ಲರ ನೆನಪಿನಲ್ಲಿದೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಮದ್ಯದಂಗಡಿ ಮುಚ್ಚಿದವು, ಮೇ 4ರವರೆಗೆ ತೆರೆಯಲಿಲ್ಲ. ಇಡೀ ರಾಜ್ಯಕ್ಕೆ ಒಮ್ಮೆಲೇ ಬಲವಂತದ ಬಿಡುವಿಕೆ. ಆ ವಾರಗಳಲ್ಲಿ ರೊಕ್ಕ ಉಳಿಯಿತು, ಗಂಡ ಮಕ್ಕಳ ಜೊತೆ ಉಂಡ ಎಂದು ನೆನೆಯುವ ಹೆಂಗಸರು ಊರೂರಲ್ಲಿ ಸಿಗುತ್ತಾರೆ. ಅದೇ ವಾರಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಸನ್ನಿ, ಫಿಟ್ಸ್ ಹಿಡಿದು ಬಂದವರ ಸಂಖ್ಯೆ ಏರಿತೆಂದು ವೈದ್ಯರು ದಾಖಲಿಸಿದ್ದಾರೆ. ಔಷಧವಿಲ್ಲದೆ ಬಿಡಿಸುವುದು ಎಷ್ಟು ಅಪಾಯ ಎಂಬುದು ಅದರಿಂದ ಕಂಡಿತು. ಅಂಗಡಿ ತೆರೆದ ದಿನದ ಸಾಲುಗಳೂ ನೆನಪಿವೆ. ಬರೀ ತಡೆಹಿಡಿದದ್ದು ತಡೆ ತೆಗೆದ ದಿನದವರೆಗೆ ಮಾತ್ರ.

ಈ ಮಾತು ಬಂದಾಗ ಸರ್ಕಾರದ ಪಾತ್ರವನ್ನೂ ಹೇಳಲೇಬೇಕು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು. ಲೈಸೆನ್ಸ್ ಇಲ್ಲದ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲೂ ಅದು ಸಿಗುವುದು ಹಳ್ಳಿಯ ಮಕ್ಕಳಿಗೂ ಗೊತ್ತು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ತರುವ ಗುರಿ ಇಡಲಾಗಿತ್ತು. ಮಾರಿ ರೊಕ್ಕ ಎಣಿಸಿಕೊಳ್ಳುವ ಕೈಗೇ, ಕುಡಿದು ರೋಗಿಯಾದವನನ್ನು ಆರು ತಿಂಗಳು ಕೂಡಿಹಾಕುವ ಅಧಿಕಾರವನ್ನೂ ಕೊಡುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಕೇಳಿದ್ದು ಗಂಡಂದಿರನ್ನು ಒಳಗೆ ಹಾಕಿ ಎಂದಲ್ಲ, ಅಂಗಡಿ ಮುಚ್ಚಿ ಎಂದು.

ನಮ್ಮ ನಾಡಿಗೆ ಮೂರನೆಯ ದಾರಿಯೊಂದರ ಪರಿಚಯ ಮೊದಲಿಂದ ಇದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಹಿಟ್ಟು ಕಾಳಿನ ಬದಲು ಜನರ ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಪಂಢರಪುರದ ಮಾಲೆ ಹಾಕಿಕೊಂಡು ಕುಡಿತ ಬಿಟ್ಟವರು ಈ ಭಾಗದ ಪ್ರತಿ ಊರಲ್ಲೂ ಇದ್ದಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಹಳ್ಳಿಗಳಲ್ಲಿ ನಡೆಯುತ್ತ ಬಂದಿವೆ. ಇವೆಲ್ಲ ಪೂರ್ತಿ ಸ್ವಇಚ್ಛೆ ಎಂದರೆ ಸುಳ್ಳಾಗುತ್ತದೆ. ಶಿಬಿರಕ್ಕೆ ಬರುವವರಲ್ಲಿ ಎಷ್ಟೋ ಜನ ಹೆಂಡತಿಯ ಕಣ್ಣೀರಿಗೆ, ಹಿರಿಯರ ಗದರಿಕೆಗೆ ಮಣಿದು ಬಂದವರು. ಸ್ವಾಮಿಗಳು ಜೋಳಿಗೆ ಒಡ್ಡಿ ಬಾಗಿಲಲ್ಲಿ ನಿಂತರೆ ಊರೆಲ್ಲ ನೋಡುತ್ತಿರುವಾಗ ಇಲ್ಲ ಅನ್ನುವುದು ಸುಲಭವಲ್ಲ. ಅದೂ ಒತ್ತಾಯವೇ. ಆದರೆ ಕೊನೆಯ ಹೆಜ್ಜೆ ಅವನದೇ ಆಗಿರುತ್ತದೆ, ಮುರಿದರೆ ನಾಚಿಕೆಯೂ ಅವನದೇ. ಬೀಗ ಹಾಕಿದ ಕೋಣೆಯಲ್ಲಿ ಕುಡಿಯದೆ ಉಳಿದವನಿಗೆ ತಾನೇ ಬಿಟ್ಟೆ ಎಂಬ ಹೆಮ್ಮೆ ದಕ್ಕುವುದಿಲ್ಲ. ಇದಕ್ಕೆ ತನ್ನದೇ ಮಿತಿ ಇದೆ: ಸನ್ನಿ ಹಿಡಿದವನಿಗೆ ಮಾಲೆ ಸಾಲದು, ಲೊರಾಜೆಪಾಮ್ ಬೇಕು, ಥಯಾಮಿನ್ ಬೇಕು. ಕುಡಿಯುವ ಹೆಂಗಸರಿಗಂತೂ ಈ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಊರ ಮುಂದೆ ಒಪ್ಪಿಕೊಂಡರೆ ಅವರಿಗೆ ಸಿಗುವುದು ಹಾರವಲ್ಲ.

2017ರ ಕಾಯ್ದೆಯ 5ನೇ ಕಲಮು ಈ ಮೂರನೆಯ ದಾರಿಗೆ ಹತ್ತಿರ ಬರುತ್ತದೆ, ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಬುದ್ಧಿ ಸ್ವಾಧೀನದಲ್ಲಿರುವ ಯಾವ ವಯಸ್ಕನೂ, ಮುಂದೆ ತನ್ನ ಸ್ಥಿತಿ ಕೆಟ್ಟಾಗ ಹೇಗೆ ಚಿಕಿತ್ಸೆ ಆಗಬೇಕು, ಹೇಗೆ ಆಗಕೂಡದು ಎಂದು ಮುಂಚಿತವಾಗಿ ಬರೆದಿಡಬಹುದು. ಕುಡಿತ ಬಿಟ್ಟು ಆರು ತಿಂಗಳಾದ ಒಬ್ಬ, ‘ಮತ್ತೆ ಬಿದ್ದರೆ, ನಾನು ಬೇಡವೆಂದು ಕೂಗಾಡಿದರೂ ಧಾರವಾಡಕ್ಕೆ ಒಯ್ಯಿರಿ, ಈ ಖಾಸಗಿ ಕೇಂದ್ರಕ್ಕೆ ಮಾತ್ರ ಬೇಡ, ನನ್ನ ಪರ ನನ್ನ ಅಕ್ಕ ನಿರ್ಧರಿಸಲಿ’ ಎಂದು ಬರೆದರೆ? ಅಲ್ಲಿ ಬಲವಂತಕ್ಕೂ ಒಪ್ಪಿಗೆ ಅವನದೇ. ಅಡಚಣೆ ಒಂದಿದೆ. ನಿರ್ಧಾರ ಮಾಡುವ ಸಾಮರ್ಥ್ಯ ಅವನು ಕಳೆದುಕೊಂಡಾಗ ಮಾತ್ರ ಆ ಬರಹಕ್ಕೆ ಜೀವ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಅರ್ಧ ಪಾಕೀಟು ಕುಡಿದು ನಡುಕ ನಿಂತು, ‘ನನಗ ಏನೂ ಆಗಿಲ್ಲ ಸಾಹೇಬ್ರ’ ಎಂದು ನೆಟ್ಟಗೆ ಉತ್ತರ ಕೊಡುವವನಿಗೆ ಸಾಮರ್ಥ್ಯ ಇದೆಯೋ ಇಲ್ಲವೋ? ತಿಳಿವಳಿಕೆ ಇದೆ, ಪರಿಣಾಮವೂ ಗೊತ್ತು, ಮಾತೂ ಬರುತ್ತದೆ. ಕಾಯ್ದೆಯ ಅಳತೆಗೋಲಿನಲ್ಲಿ ಬಹುಶಃ ಇದೆ. ಬಯಕೆ ಮಾತ್ರ ಅವನ ಹಿಡಿತದಲ್ಲಿಲ್ಲ, ಅದನ್ನು ಅಳೆಯುವ ಕೋಲು ಕಾಯ್ದೆಯಲ್ಲಿಲ್ಲ. ಕಾಯ್ದೆಯನ್ನು ತಿದ್ದುವುದಾದರೆ ನಾನು ಇಲ್ಲಿ ತಿದ್ದಿಯೇನು: ತಾನೇ ಬರೆದಿಟ್ಟವನ ವಿಷಯದಲ್ಲಿ ಮಾತ್ರ, ಇನ್ನೊಬ್ಬರ ಅರ್ಜಿಯ ಮೇಲೆ ಅಲ್ಲ.

ಗಾಂಜಾದ ಹುಡುಗರದ್ದು ಸ್ವಲ್ಪ ಬೇರೆ ಕತೆ. 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ಪಾರಾಗಬಹುದು, ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕಲಮು ಒಳ್ಳೆಯದೇ. ಆದರೆ ಮಗನನ್ನು ಆಸ್ಪತ್ರೆಗೆ ಕರೆತಂದರೆ ಪೊಲೀಸರಿಗೆ ಗೊತ್ತಾಗುತ್ತದೆಂದು ಅಂಜುವ ತಂದೆತಾಯಿಗೆ ಅದನ್ನು ತಿಳಿಸಿ ಹೇಳುವವರು ಬೇಕು.

ಹಾಗಾದರೆ ನನ್ನ ಮಾತೇನು? 2017ರ ಕಾಯ್ದೆಯ 89ನೇ ಕಲಮು ಬೇಕು. ಜೀವ ಹೋಗುವ, ಕೊಡಲಿ ಎತ್ತುವ ಹೊತ್ತಿನಲ್ಲಿ ಅದು ಇರಲೇಬೇಕು. ಅದನ್ನು ತಿಂಗಳುಗಟ್ಟಲೆ ಹಿಗ್ಗಿಸುವುದು ಬೇಡ. ಆದರೆ ಹಿಗ್ಗಿಸಿ ಎಂದು ಕೂಗುವವರ ಬೇಗುದಿ ಎಲ್ಲಿಂದ ಬಂತೆಂದು ನೋಡಿದರೆ, ಇರುವ ಕಲಮೇ ಅವರಿಗೆ ಎಟುಕಿಲ್ಲ. ನವಲಗುಂದದ ಹಳ್ಳಿಯೊಂದರಿಂದ, ರಾತ್ರಿ ಕೊಡಲಿ ಹಿಡಿದು ನಿಂತ ಗಂಡನನ್ನು ಹುಬ್ಬಳ್ಳಿ ಹಾಯ್ದು ಧಾರವಾಡಕ್ಕೆ ಹೇಗೆ ಒಯ್ಯಬೇಕು? ಬಸ್ಸಿಗೆ ಅವನು ಹತ್ತುವುದಿಲ್ಲ. ಬಾಡಿಗೆ ಗಾಡಿಗೆ ರೊಕ್ಕ ಇಲ್ಲ. ಪೊಲೀಸರನ್ನು ಕರೆದರೆ ರಾತ್ರಿ ಕೂರಿಸಿ ಬೆಳಿಗ್ಗೆ ಬಿಡುತ್ತಾರೆ. ಹೀಗೆ ಕಾನೂನಿನ ದಾರಿ ದೂರವಿರುವಾಗ ಖಾಸಗಿ ಕೇಂದ್ರದ ಗಾಡಿ ಮನೆಬಾಗಿಲಿಗೇ ಬರುತ್ತದೆ.

ಕಾಯ್ದೆಯ ಒಂದು ಸಣ್ಣ ವಿವರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಬ್ಬರ ಪರೀಕ್ಷೆ ದಾಖಲಾಗುವ ದಿನವೇ ಆಗಬೇಕೆಂದಿಲ್ಲ, ಹಿಂದಿನ ಏಳು ದಿನದೊಳಗೆ ಆಗಿದ್ದರೂ ಸಾಕು. ಒಬ್ಬರು ಸಾಮಾನ್ಯ ವೈದ್ಯರಾಗಿರಲು ಬರುತ್ತದೆ. ಅಂದರೆ ನವಲಗುಂದದ, ಕುಂದಗೋಳದ, ಕಲಘಟಗಿಯ ತಾಲೂಕು ಆಸ್ಪತ್ರೆಯ ವೈದ್ಯಾಧಿಕಾರಿ ಮೊದಲ ಪರೀಕ್ಷೆ ಮಾಡಿ ಬರೆದುಕೊಡಬಹುದು, ನಡುಕಕ್ಕೆ ಮೊದಲ ಇಂಜೆಕ್ಷನ್ ಅಲ್ಲೇ ಕೊಡಬಹುದು, 108 ಗಾಡಿಯಲ್ಲಿ ಧಾರವಾಡಕ್ಕೆ ಕಳಿಸಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಯ ಒಂದು ಸುತ್ತೋಲೆ, ವೈದ್ಯರಿಗೆ ಒಂದು ತರಬೇತಿ, ಧಾರವಾಡದಲ್ಲಿ ಕಾದಿರಿಸಿದ ನಾಲ್ಕು ಹಾಸಿಗೆ ಬೇಕು. 31ನೇ ದಿನ ಅವನು ಊರಿಗೆ ಮರಳುವಾಗ ನಾಲ್ಟ್ರೆಕ್ಸೋನೋ ಅಕಾಂಪ್ರೊಸೇಟೋ, ಬರೆದುಕೊಟ್ಟ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು, ಆಶಾ ಕಾರ್ಯಕರ್ತೆಗೆ ಅವನ ಹೆಸರು ಗೊತ್ತಿರಬೇಕು, ಕಷ್ಟ ಬಂದಾಗ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಅವನ ಮನೆಯವರಿಗೆ ತಿಳಿದಿರಬೇಕು, ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯ ಪಾಕೀಟು ಮಾರಾಟವನ್ನು ಅಬಕಾರಿಯವರು ಅಷ್ಟರೊಳಗೆ ನಿಲ್ಲಿಸಿರಬೇಕು. ಶಾಸಕರ ಮುಂದೆ ಹೊಸ ಕಾಯ್ದೆಯ ಬೇಡಿಕೆ ಇಡುವ ಮೊದಲು ನಾಲ್ಕೂ ತಾಲೂಕುಗಳಲ್ಲಿ ಇಷ್ಟನ್ನು ಒಂದು ವರ್ಷ ಮಾಡಿ ನೋಡಲಿ ಎಂದು ನಾನು ಜಿಲ್ಲಾಡಳಿತವನ್ನು ಕೇಳುತ್ತೇನೆ.